ನಮ್ಮ ಡಂಪು, ಕೆಳಗಿನವರ ಹೊಲ

ಸಂಡೂರು ಗುಡ್ಡಗಳಲ್ಲಿ ಒಂದು ಕಬ್ಬಿಣದ ಅದಿರಿನ ಗಣಿ. ಹೆಸರು ಬೇಡ. ಅಲ್ಲಿ ಪರಿಸರದ ಕೆಲಸ ನೋಡಿಕೊಳ್ಳಲು ನಾನು ಸೇರಿದ್ದು 2013ರ ಬೇಸಿಗೆಯಲ್ಲಿ. ಪರಿಸರ ವಿಭಾಗ ಅಂದರೆ ನಾನು, ಒಬ್ಬ ಸರ್ವೇಯರ್, ಒಂದು ಹಳೇ ಜೀಪು. ಅಷ್ಟೇ.

ಗಣಿ ಆಗ ಬಂದ್ ಆಗಿತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಳನ್ನು ನಿಲ್ಲಿಸಿತ್ತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನವೂ ನಿಂತವು. ಆಮೇಲೆ ಜಂಟಿ ಸರ್ವೆ ತಂಡಗಳು ಗುಡ್ಡ ಗುಡ್ಡ ಹತ್ತಿ ಒಂದೊಂದೇ ಗುತ್ತಿಗೆಯ ಗಡಿ ಅಳೆದವು. ಗಡಿ ದಾಟದವರು ಎ ವರ್ಗ. ಗುಂಡಿಯಲ್ಲಿ ಗುತ್ತಿಗೆ ಪ್ರದೇಶದ ಶೇ. 10ರವರೆಗೆ, ಡಂಪಿನಲ್ಲಿ, ಅಂದರೆ ಅಗೆದ ಬೇಡದ ಮಣ್ಣಿನ ರಾಶಿಯಲ್ಲಿ, ಶೇ. 15ರವರೆಗೆ ದಾಟಿದವರು ಬಿ. ಅದಕ್ಕೂ ಜಾಸ್ತಿ ಒತ್ತಿದವರು ಸಿ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ಗುತ್ತಿಗೆಗಳು ರದ್ದಾದವು. ಬಿ ವರ್ಗದವರು ಹಣ ಕಟ್ಟಿ, ಹಾಳು ಮಾಡಿದ ಜಾಗ ಸರಿಪಡಿಸುವ ‘ಆರ್ ಅಂಡ್ ಆರ್’ ಪ್ಲಾನ್ ಜಾರಿ ಮಾಡಿ ಶುರು ಮಾಡಬಹುದು ಎಂದಾಯಿತು. ಗಡಿಯಾಚೆ ಅಗೆದಿದ್ದರೆ ಹೆಕ್ಟೇರಿಗೆ 5 ಕೋಟಿ ರೂಪಾಯಿ, ಮಣ್ಣು ಸುರಿದಿದ್ದರೆ 1 ಕೋಟಿ.

ನಮ್ಮದು ಬಿ. ಹಳಬರ ಪ್ರಕಾರ ಟಿಪ್ಪರ್‌ಗಳು ಸುರಿದದ್ದು ಗಡಿಯ ಒಳಗೇ, ಮಳೆಗೆ ಮಣ್ಣು ಜಾರಿ ತಾನೇ ಹೊರಗೆ ಹೋಯಿತಂತೆ. ಇರಬಹುದು. ಸರ್ವೆ ಯಂತ್ರಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗಬಾರದು ಎಂದೇ ನನಗೂ ಅನಿಸುತ್ತದೆ. ಕಡಿದಾದ ಇಳಿಜಾರಿನ ಅಂಚಿಗೆ ಮಣ್ಣು ಸುರಿದವನಿಗೆ ಅದು ಎಲ್ಲಿಗೆ ಹೋಗುತ್ತೆ ಅಂತ ತಿಳಿದೇ ಇರುತ್ತದೆ, ಅಲ್ವಾ?

ಪ್ಲಾನ್ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಪರಿಷತ್ತು ತಯಾರಿಸಿದ್ದು. ದಪ್ಪ ಪುಸ್ತಕ. ಟೋ ವಾಲ್ (ಡಂಪಿನ ಬುಡದ ಗೋಡೆ), ಗ್ಯಾಬಿಯನ್ (ತಂತಿ ಬಲೆಯಲ್ಲಿ ಕಲ್ಲು ತುಂಬಿದ ಗೋಡೆ), ಚೆಕ್ ಡ್ಯಾಂ, ಹೂಳು ನಿಲ್ಲುವ ಹೊಂಡ, ತೆಂಗಿನ ನಾರಿನ ಬಲೆ, ಗಿಡ ಎಲ್ಲಕ್ಕೂ ಲೆಕ್ಕ ಇತ್ತು. ನಾನು ಮಾಡಿದ ತಪ್ಪು ಏನೆಂದರೆ, ಗಿಡದ ಪುಟದಿಂದ ಶುರು ಮಾಡಿದೆ. ಮಳೆಗಾಲ ಹತ್ತಿರ ಬಂದಿತ್ತು. ವರದಿಯಲ್ಲಿ ಬೇಗ ತುಂಬಬಹುದಾದ ಕಾಲಂ ಅದೊಂದೇ. ಹೊಂಗೆ, ಬೇವು, ಸೀತಾಫಲ, ಗೊಬ್ಬರಗಿಡ ಎಲ್ಲ ಸೇರಿ ನಾಲ್ಕು ಸಾವಿರ ಸಸಿ ನೆಟ್ಟೆವು. ಫೋಟೋ ಚೆನ್ನಾಗಿ ಬಂದವು.

ನಮ್ಮ ಹಿಟಾಚಿ ಆಪರೇಟರ್ ಮಾತ್ರ ನಕ್ಕಿದ್ದ. “ಇದು ಕುಂದ್ರೋ ಮಣ್ಣಲ್ರೀ ಸಾರ್. ನೀರು ತನ್ನ ದಾರಿ ತಾನೇ ಮಾಡ್ಕಂತೈತಿ.”

ಸೆಪ್ಟೆಂಬರಿನಲ್ಲಿ ಎರಡು ರಾತ್ರಿ ಜೋರು ಮಳೆ. ಡಂಪಿನ ಮುಖದಲ್ಲಿ ಆಳೆತ್ತರದ ಕೊರಕಲುಗಳು. ಸಸಿಗಳು ಮಣ್ಣಿನ ಸಮೇತ ಹಳ್ಳಕ್ಕೆ. ಬೆಳಿಗ್ಗೆ ಗೇಟಿನ ಹತ್ತಿರ ಕೆಳಗಿನ ಊರಿನ ರೈತರೊಬ್ಬರು ನಿಂತಿದ್ದರು. ಬಯ್ಯಲೂ ಇಲ್ಲ. “ನಿಮ್ಮ ಗುಡ್ಡ ನನ್ನ ಹೊಲಕ್ಕೆ ಬಂದೈತಿ, ಬಂದು ನೋಡ್ರಿ” ಎಂದರು ಅಷ್ಟೇ. ಮೆಕ್ಕೆಜೋಳದ ಸಾಲುಗಳ ಮೇಲೆ ಗೇಣುದ್ದ ಕೆಂಪು ಕೆಸರು.

ಅದೇ ವಾರ ತಪಾಸಣೆಗೆ ತಂಡ ಬಂತು. ಒಬ್ಬ ಹಿರಿಯ ಅರಣ್ಯಾಧಿಕಾರಿ ಇದ್ದರು. ನಾವು ಅವರನ್ನು ಮೇಲೆ, ಉಳಿದ ಸಸಿಗಳಿದ್ದ ಕಡೆ ಕರೆದುಕೊಂಡು ಹೋಗಲು ತಯಾರಾಗಿದ್ದೆವು. ಅವರು ಜೀಪ್ ಕೆಳಗೆ ತಿರುಗಿಸಲು ಹೇಳಿದರು. ಹಳ್ಳದ ನೀರನ್ನು ಬಾಟಲಿಗೆ ತುಂಬಿ ಬಾನೆಟ್ ಮೇಲೆ ಇಟ್ಟರು. ಎರಡು ಗಂಟೆಯ ನಂತರವೂ ನೀರು ಕೆಂಪಗೇ ಇತ್ತು. “ಎಷ್ಟು ಗಿಡ ನೆಟ್ರಿ?” ಎಂದರು. ಹೇಳಿದೆ. “ಕೆಳಗೆ ಎಷ್ಟು ಬಂದಿವೆ?” ಎಂದರು.

ಆ ಬಾಟಲಿ ಇವತ್ತಿಗೂ ನನ್ನ ಟೇಬಲ್ ಮೇಲೆ ಇದೆ.

ಮುಂದಿನ ಬೇಸಿಗೆಯಲ್ಲಿ ಕೆಲಸ ಬೇರೆ ಥರ ನಡೆಯಿತು. ಮೊದಲು ಡಂಪಿನ ನೆತ್ತಿ. ಅದನ್ನು ಒಳಮುಖವಾಗಿ ಸ್ವಲ್ಪ ಇಳಿಜಾರು ಮಾಡಿ, ಅಂಚಿಗೆ ಬದು ಹಾಕಿದೆವು. ಮೇಲಿನ ನೀರು ಮುಖದ ಮೇಲೆ ಸುರಿಯುವುದು ನಿಂತರೆ ಅರ್ಧ ಕೊರಕಲು ಹುಟ್ಟುವುದೇ ಇಲ್ಲ. ಇಷ್ಟು ಸಣ್ಣ ವಿಷಯ ನನಗೆ ತಿಳಿಯಲು ಒಂದು ಮಳೆಗಾಲ ಬೇಕಾಯಿತು. ಆಮೇಲೆ ಮುಖವನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದೆವು. ಪರಿಸರ ಅನುಮತಿಯ ಷರತ್ತಿನಲ್ಲಿ ಒಟ್ಟು ಇಳಿಜಾರು 28 ಡಿಗ್ರಿ ಮೀರಬಾರದು ಎಂದಿರುತ್ತದೆ. ಸುಮ್ನೆ ಸುರಿದ ಮಣ್ಣು ತಾನಾಗಿ ನಿಲ್ಲುವುದು 35ರ ಮೇಲೆ. ಈ ಏಳೆಂಟು ಡಿಗ್ರಿಗೆ ಎಷ್ಟು ಡೀಸೆಲ್ ಸುಡುತ್ತದೆ ಅಂತ ಹಿಟಾಚಿ ನಡೆಸಿದವರಿಗೇ ಗೊತ್ತು. ಇಳಿಜಾರು ತಗ್ಗಿಸಿದರೆ ಬುಡ ಮುಂದಕ್ಕೆ ಬರುತ್ತದೆ, ಮುಂದೆ ಗಡಿ ಕಲ್ಲು. ಹಾಗಾಗಿ ಮೇಲಿನ ಮಣ್ಣನ್ನು ಹಿಂದಕ್ಕೆ ಎಳೆದು, ಟಿಪ್ಪರಿನಲ್ಲಿ ಬೇರೆ ಕಡೆ ಸಾಗಿಸಬೇಕಾಯಿತು. ಮ್ಯಾನೇಜರ್ ಮುಖ ಆ ದಿನಗಳಲ್ಲಿ ನೋಡುವಂತಿರಲಿಲ್ಲ.

ಬುಡಕ್ಕೆ ಗೋಡೆ, ಅದರ ಹೊರಗೆ ಸುತ್ತುಗಾಲುವೆ, ಕಾಲುವೆಯ ಕೊನೆಗೆ ಹೂಳಿನ ಹೊಂಡ. ಹೊಂಡದ ಅಳತೆಯಲ್ಲಿ ಜಿಪುಣತನ ಬೇಡ. ದಿಢೀರ್ ಮಳೆಯ ನೀರಿನ ಲೆಕ್ಕದ ಮೇಲೆ ಶೇ. 50ರಷ್ಟು ಹೆಚ್ಚುವರಿ ಜಾಗ ಇರಬೇಕು ಎನ್ನುವುದು ಷರತ್ತು. ಅದಕ್ಕಿಂತ ಮುಖ್ಯ, ಹೊಂಡದ ತನಕ ಹಿಟಾಚಿ ಹೋಗಲು ದಾರಿ ಬಿಡಿ. ನಾವು ಮೊದಲು ಬಿಟ್ಟಿರಲಿಲ್ಲ. ಹೊಂಡ ತುಂಬಿದ ಮೇಲೆ ಬುಟ್ಟಿಯಲ್ಲಿ ಹೂಳೆತ್ತಿಸಿದೆವು.

ಇದೆಲ್ಲ ಆದ ಮೇಲೆ ಹುಲ್ಲು. ನಾರಿನ ಬಲೆ ಹಾಸಿ, ಅದರ ಕೆಳಗೆ ಸ್ಟೈಲೋ ಎಂಬ ಮೇವಿನ ಗಿಡ ಮತ್ತು ಊರ ಗೋಮಾಳದಿಂದ ತಂದ ಹುಲ್ಲಿನ ಬೀಜ. ಕಾಲುವೆ ಅಂಚಿಗೆ ಲಾವಂಚ. ಮರ ಒಂದು ವರ್ಷ ತಡವಾಗಿ. ಮೇಲ್ಮಣ್ಣು ನಮ್ಮಲ್ಲಿ ಇರಲೇ ಇಲ್ಲ. ಅದನ್ನು ಬೇರೆ ಕೂಡಿಡಬೇಕು ಎಂಬ ನಿಯಮ ಇದ್ದರೂ ಅದಿರಿಗೆ ಬಂಗಾರದ ಬೆಲೆ ಇದ್ದ ವರ್ಷಗಳಲ್ಲಿ ಎಲ್ಲ ಡಂಪಿಗೆ ಬೆರೆತುಹೋಗಿತ್ತು. ಗುಂಡಿಗಳಿಗೆ ಕೆರೆಯ ಹೂಳು, ತಿಪ್ಪೆಗೊಬ್ಬರ ತುಂಬಿದೆವು. ಈಗ ಹೊಸದಾಗಿ ಜಾಗ ತೆರೆಯುವಾಗ ಮೇಲ್ಮಣ್ಣನ್ನು ಆಳೆತ್ತರ ಮೀರದಂತೆ ಗುಡ್ಡೆ ಹಾಕಿ, ಹುರುಳಿ ಚೆಲ್ಲುತ್ತೇವೆ. ಎತ್ತರಕ್ಕೆ ಪೇರಿಸಿ ವರ್ಷಗಟ್ಟಲೆ ಬಿಟ್ಟರೆ ಅದು ಸತ್ತ ಮಣ್ಣು.

ಇಲಾಖೆಗಳ ನಡುವಿನ ಜಗ್ಗಾಟವನ್ನೂ ಹೇಳಬೇಕು. ಶೇ. 45ಕ್ಕಿಂತ ಹೆಚ್ಚು ಕಬ್ಬಿಣ ಇರುವ ಹೆಮಟೈಟ್ ಅದಿರನ್ನು ಕಸ ಎಂದು ಎಸೆಯುವಂತಿಲ್ಲ. ಈಗ ಮಾರಾಟವಾಗದಿದ್ದರೂ ಬೇರೆ ರಾಶಿ ಹಾಕಿ ಕಾಯ್ದಿಡಬೇಕು ಎನ್ನುತ್ತದೆ ಭಾರತೀಯ ಗಣಿ ಬ್ಯೂರೋ. ಅರಣ್ಯದವರು ಬಂದರೆ ಅದೇ ರಾಶಿ ತೋರಿಸಿ, “ಇದು ಯಾಕೆ ಬೋಳು?” ಎನ್ನುತ್ತಾರೆ. ಇಬ್ಬರೂ ಸರಿ. ನಾವು ಅದರ ಮೇಲೆ ಹುಲ್ಲು ಮಾತ್ರ ಬೆಳೆಸಿದೆವು, ಮರ ಇಲ್ಲ. ಎರಡೂ ಕಡೆಗೆ ಪತ್ರ ಬರೆದು ಪ್ರತಿ ಇಟ್ಟುಕೊಂಡೆ. ಈ ಕೆಲಸದಲ್ಲಿ ಪತ್ರದ ಪ್ರತಿ ಗ್ಯಾಬಿಯನ್ ಗೋಡೆಯಷ್ಟೇ ಗಟ್ಟಿ.

2021ರ ತಿದ್ದುಪಡಿಯ ನಂತರ ದೊಡ್ಡ ಗಣಿಗಳಿಗೆ ವರ್ಷಕ್ಕೊಮ್ಮೆ ಡ್ರೋನ್ ಸರ್ವೆ ಕಡ್ಡಾಯ. ಒಳ್ಳೆಯದೇ. ಗಡಿ, ಗುಂಡಿಯ ಆಳ, ಡಂಪಿನ ಇಳಿಜಾರು ಯಾವುದನ್ನೂ ಮುಚ್ಚಿಡಲು ಆಗುವುದಿಲ್ಲ. ಆದರೆ ಹಸಿರಿನ ವಿಷಯದಲ್ಲಿ ಡ್ರೋನ್ ಚಿತ್ರವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅಕ್ಟೋಬರಿನಲ್ಲಿ ಹಾರಿಸಿದರೆ ಸಂಡೂರಿನಲ್ಲಿ ಲಾಂಟಾನ ಕಳೆಯೂ ಕಾಡಿನಂತೆ ಕಾಣುತ್ತದೆ. ನಮ್ಮ ಸರ್ವೇಯರ್‌ಗೆ ಏಪ್ರಿಲಿನಲ್ಲೂ ಒಂದು ಸಲ ಹಾರಿಸಲು ಹೇಳಿದ್ದೇನೆ. ಅದನ್ನು ಯಾರೂ ಕೇಳಿಲ್ಲ, ನಮಗೆ ಅಂತಲೇ.

ಕಳೆದ ಮಳೆಗಾಲದಲ್ಲಿ ಹೊಂಡದಿಂದ ಹೊರಬಿದ್ದ ನೀರು ಚಹಾದ ಬಣ್ಣಕ್ಕೆ ಬಂದಿತ್ತು, ಕೆಂಪಲ್ಲ. ಪೂರ್ವದ ಮೂಲೆ ಮಾತ್ರ ಇನ್ನೂ ನಿಂತಿಲ್ಲ. ಪ್ರತಿ ಸೆಪ್ಟೆಂಬರ್ ಅಲ್ಲೊಂದು ಕೊರಕಲು ಬಾಯಿ ಬಿಡುತ್ತದೆ. ಈ ಬೇಸಿಗೆಗೆ ಅದನ್ನು ಮತ್ತೆ ಕತ್ತರಿಸಬೇಕು. ಆಪರೇಟರ್ ಅದೇ ಹಳಬ. ಈ ಸಲ ಎಲ್ಲಿಂದ ಶುರು ಮಾಡಬೇಕು ಅಂತ ಅವನನ್ನೇ ಕೇಳಿದ್ದೇನೆ.