ಹಳೆಯ ಸರ್ವರ್ ನಿಲ್ಲಿಸದೆ, ಅದರ ಪಕ್ಕದಲ್ಲೇ ಹೊಸ ಆವೃತ್ತಿಯನ್ನು ಪರೀಕ್ಷಿಸುವುದು ಹೇಗೆ?

ಕಾಫಿ, ಕಾಳುಮೆಣಸು ಖರೀದಿಸುವ ಕಚೇರಿಯೊಂದರಲ್ಲಿ ಬೆಳೆಗಾರರು ತಂದು ಹಾಕಿದ ಚೀಲಗಳ ಲೆಕ್ಕ, ತೇವಾಂಶ, ಔಟ್‌ಟರ್ನ್ (ಒಣ ಕಾಯಿಯಿಂದ ಸಿಗುವ ಬೀಜದ ಪ್ರಮಾಣ), ಮುಂಗಡ, ಬಾಕಿ ಎಲ್ಲವೂ ಮೂಲೆಯಲ್ಲಿರುವ ಒಂದೇ ಸರ್ವರಿನಲ್ಲಿ ಕುಳಿತಿರುತ್ತದೆ. ಅಂಥ ಒಂದು ಸರ್ವರನ್ನು ಕೊಡಗಿನ ಗೋಣಿಕೊಪ್ಪಲಿನಲ್ಲಿ ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿರುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದೇ: ಚೆನ್ನಾಗಿ ನಡೆಯುತ್ತಿರುವ ತಂತ್ರಾಂಶವನ್ನು ಏಕೆ ಮುಟ್ಟಬೇಕು, ಮುಟ್ಟಲೇಬೇಕಾದರೆ ಲೆಕ್ಕಕ್ಕೆ ಕುಂದು ಬಾರದಂತೆ ಹೇಗೆ ಮುಟ್ಟಬೇಕು? ಲೆಕ್ಕವನ್ನು ಕೋಷ್ಟಕಗಳಲ್ಲಿ ಜೋಡಿಸಿಡುವ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶವನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಬೇರೆ ಸರ್ವರ್ ತಂತ್ರಾಂಶಗಳಲ್ಲಿ ಕಡತಗಳ ಹೆಸರು ಬದಲಾಗಬಹುದು, ಕೆಲಸದ ಕ್ರಮ ಹೆಚ್ಚು ಬದಲಾಗುವುದಿಲ್ಲ.

ಏಕೆ ಮುಟ್ಟಬೇಕೆಂಬುದಕ್ಕೆ ಉತ್ತರ ಸರಳವಾಗಿದೆ. ಪೋಸ್ಟ್‌ಗ್ರೆಸ್‌ನ ಪ್ರತಿಯೊಂದು ಮುಖ್ಯ ಆವೃತ್ತಿಗೂ ಸುಮಾರು 5 ವರ್ಷ ಮಾತ್ರ ದೋಷ ಪರಿಹಾರ ಮತ್ತು ಭದ್ರತಾ ತಿದ್ದುಪಡಿಗಳು ಸಿಗುತ್ತವೆ. 13ನೆಯ ಆವೃತ್ತಿಯ ಅವಧಿ 2025ರ ನವೆಂಬರಿನಲ್ಲಿ ಮುಗಿಯಿತು, 17ನೆಯದಕ್ಕೆ 2029ರ ನವೆಂಬರಿನವರೆಗೆ ಅವಕಾಶವಿದೆ. ಇಲ್ಲಿ ಒಂದು ವ್ಯತ್ಯಾಸವನ್ನು ತಿಳಿದಿರಬೇಕು. 2017ರಲ್ಲಿ ಬಂದ 10ನೆಯ ಆವೃತ್ತಿಯಿಂದ ಈಚೆಗೆ ಚುಕ್ಕೆಯ ಹಿಂದಿನ ಅಂಕಿ ಮುಖ್ಯ ಆವೃತ್ತಿಯನ್ನೂ ಚುಕ್ಕೆಯ ನಂತರದ್ದು ಕಿರು ತಿದ್ದುಪಡಿಯನ್ನೂ ಸೂಚಿಸುತ್ತವೆ. 13.5ರಿಂದ 13.20ಕ್ಕೆ ಹೋಗುವಾಗ ಡಿಸ್ಕಿನ ಮೇಲಿನ ಕಡತಗಳ ರೂಪ ಬದಲಾಗುವುದಿಲ್ಲವಾದ್ದರಿಂದ ತಂತ್ರಾಂಶವನ್ನು ಬದಲಿಸಿ ಸರ್ವರನ್ನು ಒಮ್ಮೆ ನಿಲ್ಲಿಸಿ ಪ್ರಾರಂಭಿಸಿದರೆ ಸಾಕಾಗುತ್ತದೆ. 13ರಿಂದ 17ಕ್ಕೆ ಹೋಗುವಾಗ ಹಾಗಲ್ಲ. ಹಳೆಯ ಕಡತಗಳನ್ನು ಹೊಸದು ನೇರವಾಗಿ ಓದಲಾರದು. ಪಕ್ಕದಲ್ಲಿಟ್ಟು ಪರೀಕ್ಷಿಸುವ ಅಗತ್ಯ ಹುಟ್ಟುವುದು ಇಂಥ ದೊಡ್ಡ ಜಿಗಿತಕ್ಕೆ.

ಯಾವಾಗ ಮಾಡಬೇಕು

ಅರೇಬಿಕಾ ಕೊಯ್ಲು ಆರಂಭವಾಗಿ ರೋಬಸ್ಟಾ ಮುಗಿಯುವವರೆಗಿನ ತಿಂಗಳುಗಳಲ್ಲಿ, ಅಂದರೆ ನವೆಂಬರಿನಿಂದ ಹೆಚ್ಚುಕಡಿಮೆ ಮಾರ್ಚ್‌ವರೆಗೆ, ಖರೀದಿ ಕಚೇರಿಯ ಸರ್ವರಿನ ತಂಟೆಗೆ ಹೋಗಬಾರದು. ಮಾರ್ಚ್ 31ರ ಲೆಕ್ಕ ಮುಗಿಯುವ ತನಕವೂ ಹಾಗೆಯೇ. ಜೂನ್‌ನಿಂದ ಮಳೆ ಬಿರುಸಾದರೆ ಮರ ಬಿದ್ದು ತಂತಿ ಹರಿಯುವುದು, ದಿನಗಟ್ಟಲೆ ಕರೆಂಟ್ ಇಲ್ಲದಿರುವುದು ನಮ್ಮಲ್ಲಿ ಮಾಮೂಲು. ಆದ್ದರಿಂದ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಪರೀಕ್ಷೆ ನಡೆಸಿ, ಮಳೆ ಹಿಡಿಯುವ ಮೊದಲೇ ಬದಲಾವಣೆ ಮುಗಿಸುವುದು ಉತ್ತಮವೆಂಬುದು ನನ್ನ ಅಭಿಪ್ರಾಯ. ಆ ಅವಧಿಯಲ್ಲಿಯೂ ಗುಡುಗು ಸಿಡಿಲಿನ ಮಳೆ ಇರುವುದರಿಂದ ಯುಪಿಎಸ್ ಬ್ಯಾಟರಿಯನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಅಗತ್ಯವಾದ ಪ್ಯಾಕೇಜುಗಳನ್ನೆಲ್ಲ ನೆಟ್‌ವರ್ಕ್ ಸರಿಯಿರುವ ದಿನ ಇಳಿಸಿಟ್ಟುಕೊಂಡಿರಬೇಕು.

ಮೊದಲು ಬ್ಯಾಕಪ್, ಅದಕ್ಕೂ ಮುಖ್ಯವಾಗಿ ಅದರ ಪರೀಕ್ಷೆ

ಹಿಂದೊಮ್ಮೆ ನಾನು ಪ್ರತಿ ರಾತ್ರಿ ತಾನಾಗಿಯೇ ಬ್ಯಾಕಪ್ ಆಗುತ್ತಿದೆಯೆಂದು ನಂಬಿ ನಿಶ್ಚಿಂತೆಯಿಂದಿದ್ದೆ. ಡಿಸ್ಕ್ ತುಂಬಿಹೋಗಿ ಮೂರು ವಾರಗಳಿಂದ ಖಾಲಿ ಕಡತಗಳಷ್ಟೇ ಸೃಷ್ಟಿಯಾಗುತ್ತಿದ್ದವೆಂಬುದು ಹಳೆಯ ಬಿಲ್ಲೊಂದನ್ನು ಹುಡುಕುವಾಗ ತಿಳಿಯಿತು. ಅಂದಿನಿಂದ, ಬೇರೊಂದು ಜಾಗದಲ್ಲಿ ಮರಳಿ ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಎಣಿಸುವುದಿಲ್ಲ.

ಪಿಜಿ-ಡಂಪ್ ಎಂಬ ಸಾಧನವು ಡೇಟಾಬೇಸ್ ಕೆಲಸ ಮಾಡುತ್ತಿರುವಾಗಲೇ, ಆರಂಭಿಸಿದ ಕ್ಷಣದಲ್ಲಿ ಲೆಕ್ಕ ಹೇಗಿತ್ತೋ ಹಾಗೆಯೇ ಸುಸಂಗತವಾದ ಪ್ರತಿಯನ್ನು ತೆಗೆಯುತ್ತದೆ. ಬಿಲ್ ಬರೆಯುತ್ತಿರುವವರು ಕೈ ನಿಲ್ಲಿಸಬೇಕಾಗಿಲ್ಲ. ಆದರೆ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡುಗಳು ಆ ಪ್ರತಿಯೊಳಗೆ ಬರುವುದಿಲ್ಲ. ಅವುಗಳಿಗಾಗಿ ಪಿಜಿ-ಡಂಪ್‌ಆಲ್ ಸಾಧನವನ್ನು ‘ಗ್ಲೋಬಲ್ಸ್ ಓನ್ಲಿ’ ಆಯ್ಕೆಯೊಂದಿಗೆ ಪ್ರತ್ಯೇಕವಾಗಿ ನಡೆಸಬೇಕು. ಹೊಸ ಆವೃತ್ತಿಗೆ ಸಾಗಿಸುವ ಪ್ರತಿಯನ್ನು ಹೊಸ ಆವೃತ್ತಿಯ ಜೊತೆ ಬರುವ ಡಂಪ್ ಸಾಧನದಿಂದಲೇ ತೆಗೆಯಬೇಕೆಂಬುದನ್ನೂ ನೆನಪಿಡಿ. ಹೊಸ ಸಾಧನಕ್ಕೆ ಹಳೆಯ ಸರ್ವರನ್ನು ಓದಲು ಬರುತ್ತದೆ, ಹಳೆಯ ಸಾಧನವು ತನಗಿಂತ ಹೊಸ ಮುಖ್ಯ ಆವೃತ್ತಿಯ ಸರ್ವರನ್ನು ಓದಲು ಒಪ್ಪುವುದಿಲ್ಲ.

ಬ್ಯಾಕಪ್ಪಿನ ಒಂದು ಪ್ರತಿ ಜಿಲ್ಲೆಯ ಹೊರಗೆ, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರಲಿ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ರಸ್ತೆಗಳೇ ಕಡಿದುಹೋದದ್ದನ್ನು ಕಂಡವರಿಗೆ ಇದರ ಕಾರಣವನ್ನು ವಿವರಿಸಿ ಹೇಳಬೇಕಾಗಿಲ್ಲ.

ಪಕ್ಕದಲ್ಲಿ ಸ್ಥಾಪಿಸುವುದು

ಎರಡು ಆವೃತ್ತಿಗಳು ಒಂದೇ ಯಂತ್ರದಲ್ಲಿ ನೆಮ್ಮದಿಯಾಗಿ ಇರಬೇಕಾದರೆ ಮೂರು ವಸ್ತುಗಳು ಪ್ರತ್ಯೇಕವಾಗಿರಬೇಕು: ತಂತ್ರಾಂಶದ ಕಡತಗಳು, ಡೇಟಾ ಇರುವ ಕೋಶ (ಫೋಲ್ಡರ್) ಮತ್ತು ಪೋರ್ಟ್ ಸಂಖ್ಯೆ, ಅಂದರೆ ಸರ್ವರನ್ನು ತಲುಪುವ ಬಾಗಿಲಿನ ಸಂಖ್ಯೆ. ಡೆಬಿಯನ್ ಮತ್ತು ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಗಳಲ್ಲಿ ಈ ಅನುಕೂಲ ಮೊದಲೇ ಇದೆ. ಅಲ್ಲಿ ಪ್ರತಿ ಮುಖ್ಯ ಆವೃತ್ತಿಗೂ ಅದರ ಸಂಖ್ಯೆಯನ್ನೇ ಹೆಸರಾಗಿ ಹೊತ್ತ ಕೋಶಗಳಿರುತ್ತವೆ. ಹಳೆಯದು 5432ನೆಯ ಪೋರ್ಟಿನಲ್ಲಿದ್ದರೆ ಹೊಸದು ಖಾಲಿಯಿರುವ ಮುಂದಿನ ಸಂಖ್ಯೆಯನ್ನು, ಸಾಮಾನ್ಯವಾಗಿ 5433ನ್ನು, ತಾನಾಗಿಯೇ ಆರಿಸಿಕೊಳ್ಳುತ್ತದೆ. ರೆಡ್‌ಹ್ಯಾಟ್ ಮಾದರಿಯ ವ್ಯವಸ್ಥೆಗಳಲ್ಲಿ ಕೋಶಗಳು ಬೇರೆಯಾದರೂ ಪೋರ್ಟ್ ಎರಡಕ್ಕೂ 5432 ಎಂದೇ ಇರುವುದರಿಂದ, ಹೊಸದನ್ನು ಮೊದಲ ಬಾರಿ ಪ್ರಾರಂಭಿಸುವ ಮುನ್ನ ಸಂರಚನಾ ಕಡತದಲ್ಲಿ (ಸರ್ವರಿನ ಹೊಂದಾಣಿಕೆಗಳನ್ನು ಬರೆದಿಡುವ ಕಡತ) ಅದನ್ನು ಕೈಯಿಂದ ಬದಲಿಸಬೇಕು. ಡೆಬಿಯನ್‌ನಲ್ಲಿ ಪಿಜಿ-ಎಲ್‌ಎಸ್‌ಕ್ಲಸ್ಟರ್ಸ್ ಕಮಾಂಡ್ ನೀಡಿದರೆ ಯಾವ ಆವೃತ್ತಿ ಯಾವ ಪೋರ್ಟಿನಲ್ಲಿ, ಯಾವ ಕೋಶದಲ್ಲಿ ಇದೆಯೆಂಬ ಪಟ್ಟಿ ಸಿಗುತ್ತದೆ. ನಾನು ಆ ಪಟ್ಟಿಯನ್ನು ಮುದ್ರಿಸಿ ಗೋಡೆಗೆ ಅಂಟಿಸುತ್ತೇನೆ, ಮತ್ತು ಪರೀಕ್ಷೆಯ ಅವಧಿಯಲ್ಲಿ ನೀಡುವ ಪ್ರತಿಯೊಂದು ಕಮಾಂಡಿನಲ್ಲೂ ಪೋರ್ಟ್ ಸಂಖ್ಯೆಯನ್ನು ತಪ್ಪದೆ ಬರೆಯುತ್ತೇನೆ. ಬರೆಯದೆ ಬಿಟ್ಟರೆ ಕಮಾಂಡ್ 5432ಕ್ಕೆ, ಅಂದರೆ ನಿಜವಾದ ಲೆಕ್ಕದೊಳಕ್ಕೆ ಹೋಗುವ ಸಂಭವವೇ ಹೆಚ್ಚು.

ಹೊಸ ಆವೃತ್ತಿಗೆ ಹಳೆಯ ಡೇಟಾ ಕೋಶವನ್ನು ತೋರಿಸುವ ಪ್ರಯತ್ನ ಮಾಡಲೇಬೇಡಿ. ಆ ಕೋಶದಲ್ಲಿ ಆವೃತ್ತಿ ಸಂಖ್ಯೆಯನ್ನು ಬರೆದಿಟ್ಟ ಒಂದು ಪುಟ್ಟ ಕಡತವಿರುತ್ತದೆ. ಸಂಖ್ಯೆ ಹೊಂದದಿದ್ದರೆ ಸರ್ವರ್ ಪ್ರಾರಂಭವಾಗದೆ ನಿಲ್ಲುತ್ತದೆ. ಅದು ನಮ್ಮನ್ನು ಕಾಯುವ ಬೇಲಿ. ಕಡತವನ್ನು ತಿದ್ದಿ ಬೇಲಿ ದಾಟಲು ಹೋದವರು ಡೇಟಾ ಕಳೆದುಕೊಳ್ಳುತ್ತಾರೆ.

ಸ್ಮರಣೆಯ ವಿಷಯದಲ್ಲಿಯೂ ಎಚ್ಚರ ಬೇಕು. ಹಳೆಯ ಸರ್ವರಿಗೆ ಯಂತ್ರದ ರ್‍ಯಾಮಿನ ಕಾಲುಭಾಗವನ್ನು ಕೊಟ್ಟಿದ್ದು, ಅದೇ ಸಂರಚನೆಯನ್ನು ಹೊಸದಕ್ಕೂ ನಕಲು ಮಾಡಿದರೆ ಅರ್ಧ ರ್‍ಯಾಮ್ ಅಲ್ಲಿಗೇ ಮುಗಿಯಿತು. ಪರೀಕ್ಷೆಯ ಪ್ರತಿಗೆ ಪೋಸ್ಟ್‌ಗ್ರೆಸ್ ತಾನಾಗಿ ಇಟ್ಟುಕೊಳ್ಳುವ 128 ಎಂಬಿಯನ್ನೇ ಬಿಡಬಹುದು. ಡಿಸ್ಕಿನಲ್ಲಿ ಈಗಿನ ಡೇಟಾದ ಮೂರು ಪಟ್ಟು ಜಾಗ ಖಾಲಿಯಿದ್ದರೆ ಕೆಲಸ ಸಲೀಸು.

ಪ್ರತಿಯನ್ನು ತುಂಬುವುದು ಮತ್ತು ಬಾಗಿಲುಗಳನ್ನು ಮುಚ್ಚುವುದು

ಹೊಸ ಕೋಶವನ್ನು ಸೃಷ್ಟಿಸುವಾಗ ಅಕ್ಷರ ಸಂಕೇತ ಯುಟಿಎಫ್-8 (ಕನ್ನಡವೂ ಸೇರಿದ ಯುನಿಕೋಡ್ ಅಕ್ಷರಗಳನ್ನು ಉಳಿಸುವ ಕ್ರಮ) ಆಗಿದೆಯೇ ಎಂದು ನೋಡಿ. ಆ ಕ್ಷಣದಲ್ಲಿ ಯಂತ್ರದ ಭಾಷಾ ಹೊಂದಾಣಿಕೆ ಹೇಗಿರುತ್ತದೆಯೋ ಅದನ್ನೇ ಹೊಸ ಕೋಶವು ಎತ್ತಿಕೊಳ್ಳುವುದರಿಂದ, ಕನ್ನಡದಲ್ಲಿ ಹೆಸರುಗಳಿರುವ ಕಚೇರಿಗೆ ಇದು ಮುಖ್ಯ. ಬಳಿಕ ಮೊದಲು ಬಳಕೆದಾರರನ್ನೂ ಆಮೇಲೆ ಡೇಟಾವನ್ನೂ ತುಂಬಿರಿ. ಮೊದಲ ದೋಷಕ್ಕೇ ನಿಲ್ಲುವಂತೆ ಸಾಧನಕ್ಕೆ ಸೂಚಿಸಿದರೆ ನೂರಾರು ಸಾಲುಗಳ ನಡುವೆ ತಪ್ಪು ಮುಚ್ಚಿಹೋಗುವುದಿಲ್ಲ. ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಬರೆದಿಡಿ, ಬದಲಾವಣೆಯ ದಿನ ಕಚೇರಿಯನ್ನು ಎಷ್ಟು ಹೊತ್ತು ನಿಲ್ಲಿಸಬೇಕೆಂಬುದನ್ನು ಆ ಅಂಕಿಯೇ ಹೇಳುತ್ತದೆ. ತುಂಬಿದ ಕೂಡಲೇ ‘ಅನಲೈಜ್’ ಕಮಾಂಡ್ ನಡೆಸಿ ಅಂಕಿಅಂಶ ಸಂಗ್ರಹಿಸದಿದ್ದರೆ ಹೊಸ ಆವೃತ್ತಿ ವಿನಾಕಾರಣ ನಿಧಾನವಾಗಿ ಕಾಣುತ್ತದೆ.

ಪರೀಕ್ಷೆಯ ಪ್ರತಿ ಎಂದರೆ ಬೆಳೆಗಾರರ ದೂರವಾಣಿ ಸಂಖ್ಯೆ, ಬ್ಯಾಂಕ್ ಖಾತೆಗಳಿರುವ ಪೂರ್ಣ ಪ್ರತಿ ಎಂಬುದನ್ನು ಮರೆಯಬಾರದು. ಹಣ ಜಮೆಯಾದಾಗ ಎಸ್ಸೆಮ್ಮೆಸ್ ಕಳುಹಿಸುವ ವ್ಯವಸ್ಥೆ ನಿಮ್ಮಲ್ಲಿದ್ದರೆ, ಪರೀಕ್ಷೆಯ ಪ್ರತಿಯಿಂದಲೂ ಸಂದೇಶಗಳು ಹೊರಟು ಬಾಳೆಲೆಯಲ್ಲಿಯೋ ಶನಿವಾರಸಂತೆಯಲ್ಲಿಯೋ ಕುಳಿತ ಬೆಳೆಗಾರರು ಇಲ್ಲದ ಹಣವನ್ನು ಬ್ಯಾಂಕಿನಲ್ಲಿ ಹುಡುಕುವಂತಾಗುತ್ತದೆ. ಆದ್ದರಿಂದ ಪ್ರತಿಯಲ್ಲಿ ಎಲ್ಲ ದೂರವಾಣಿ ಸಂಖ್ಯೆ ಮತ್ತು ಖಾತೆ ಸಂಖ್ಯೆಗಳನ್ನು ಮೊದಲೇ ಅಳಿಸಿ ಹುಸಿ ಸಂಖ್ಯೆಗಳನ್ನು ತುಂಬಿ, ಎಸ್ಸೆಮ್ಮೆಸ್ ಮತ್ತು ಮಿಂಚಂಚೆಯ ಕೀಲಿಗಳನ್ನು ತೆಗೆದು, ಗೊತ್ತುಪಡಿಸಿದ ಹೊತ್ತಿಗೆ ತಾವಾಗಿಯೇ ನಡೆಯುವ ಕೆಲಸಗಳನ್ನು ನಿಲ್ಲಿಸಬೇಕು. ಹೊಸ ಸರ್ವರ್ ಆ ಯಂತ್ರದೊಳಗಿನ ಸಂಪರ್ಕವನ್ನಷ್ಟೇ ಒಪ್ಪುವಂತೆ ಕಟ್ಟುಪಾಡು ಹಾಕಿರಿ. ಇಲ್ಲದಿದ್ದರೆ ಯಾರೋ ಒಬ್ಬರು ಗೊತ್ತಿಲ್ಲದೆ ನಿಜವಾದ ಬಿಲ್ಲನ್ನು ಪರೀಕ್ಷೆಯ ಪುಸ್ತಕದಲ್ಲಿ ಬರೆದುಬಿಡುತ್ತಾರೆ. ಪರೀಕ್ಷೆಯ ಪರದೆಯ ಹಿನ್ನೆಲೆ ಬಣ್ಣವನ್ನು ಬದಲಿಸಿಡುವುದೂ ಉಪಯುಕ್ತ.

ಏನನ್ನು ಹೋಲಿಸಬೇಕು

ನಡುವಿನ ಎಲ್ಲ ಆವೃತ್ತಿಗಳ ಬಿಡುಗಡೆ ಟಿಪ್ಪಣಿಗಳನ್ನು ಓದುವುದು ಬೇಸರದ ಕೆಲಸವಾದರೂ ಬಿಡುವಂತಿಲ್ಲ. 13ರಿಂದ ಮೇಲೇರುವವರಿಗೆ ಎರಡು ಬದಲಾವಣೆಗಳು ಹೆಚ್ಚಾಗಿ ತೊಡರಾಗುತ್ತವೆ. 14ನೆಯ ಆವೃತ್ತಿಯಿಂದ ಹೊಸ ಪಾಸ್‌ವರ್ಡುಗಳು ಸ್ಕ್ರ್ಯಾಮ್ ಎಂಬ ಹೆಚ್ಚು ಸುರಕ್ಷಿತ ವಿಧಾನದಲ್ಲಿ ಉಳಿಯುವುದರಿಂದ, ಹಳೆಯ ಚಾಲಕಗಳನ್ನು (ತಂತ್ರಾಂಶವನ್ನು ಡೇಟಾಬೇಸಿಗೆ ಜೋಡಿಸುವ ಡ್ರೈವರುಗಳನ್ನು) ಬಳಸುವ ಬಿಲ್ಲಿಂಗ್ ತಂತ್ರಾಂಶಕ್ಕೆ ಸಂಪರ್ಕ ಸಿಗದೆ ಹೋಗಬಹುದು. 15ರಿಂದ, ಹೊಸದಾಗಿ ಸೃಷ್ಟಿಸಿದ ಡೇಟಾಬೇಸಿನ ‘ಪಬ್ಲಿಕ್’ ಎಂಬ ಸಾಮಾನ್ಯ ಜಾಗದಲ್ಲಿ ಎಲ್ಲ ಬಳಕೆದಾರರೂ ಕೋಷ್ಟಕ ರಚಿಸಲು ಅನುಮತಿಯಿಲ್ಲ. ಹಳೆಯ ಅನುಮತಿಗಳು ಡಂಪಿನೊಂದಿಗೆ ಬಾರದೆ ಹೋಗಿದ್ದು, ತಿಂಗಳ ಕೊನೆಗೊಮ್ಮೆ ತಾತ್ಕಾಲಿಕ ಕೋಷ್ಟಕವನ್ನು ಅಲ್ಲಿ ಕಟ್ಟುವ ವರದಿಯಿದ್ದರೆ ಅದು ತಿಂಗಳ ಕೊನೆಯವರೆಗೂ ಸುಮ್ಮನಿದ್ದು ಆಮೇಲೆ ಕೈಕೊಡುತ್ತದೆ. ಆದಕಾರಣ ಪರೀಕ್ಷೆಯಲ್ಲಿ ದಿನದ ಕೆಲಸ ಮಾತ್ರವಲ್ಲದೆ ತಿಂಗಳ ಮತ್ತು ವರ್ಷದ ಕೆಲಸಗಳನ್ನೂ ನಡೆಸಿ ನೋಡಬೇಕು.

ಹೋಲಿಕೆಗೆ ನನ್ನ ವಿಧಾನ ಇದು. ಕಳೆದ ಹಂಗಾಮಿನ ಒಂದು ವಾರವನ್ನು, ಅದರಲ್ಲಿಯೂ ರೋಬಸ್ಟಾ ಚೆರಿ ಹೆಚ್ಚಾಗಿ ಬಂದ ವಾರವನ್ನು, ಆರಿಸಿ ಎರಡೂ ಆವೃತ್ತಿಗಳಲ್ಲಿ ಅದೇ ವರದಿಗಳನ್ನು ತೆಗೆಯುತ್ತೇನೆ. ಕೋಷ್ಟಕಗಳ ಸಾಲುಗಳ ಸಂಖ್ಯೆ, ಒಟ್ಟು ಕಿಲೋ, ಒಟ್ಟು ರೂಪಾಯಿ ಪೈಸೆಯವರೆಗೂ ಹೊಂದಬೇಕು. ಆಮೇಲೆ ಮುದ್ರಿಸಿದ ಹಾಳೆಗಳನ್ನು ಲೆಕ್ಕ ಬರೆಯುವವರ ಕೈಗೆ ಕೊಡುತ್ತೇನೆ. ಅವರ ಕಣ್ಣು ಹಿಡಿಯುವ ತಪ್ಪುಗಳನ್ನು ಯಾವ ಪರೀಕ್ಷಾ ಸಾಧನವೂ ಹಿಡಿಯುವುದಿಲ್ಲ.

ಕನ್ನಡದ ಅಕಾರಾದಿಯನ್ನು ವಿಶೇಷವಾಗಿ ನೋಡಬೇಕು. ಕೊಡವರಲ್ಲಿ ಒಕ್ಕದ ಹೆಸರು ಮೊದಲು ಬರುವುದರಿಂದ ನಮ್ಮ ಪಟ್ಟಿಗಳಲ್ಲಿ ಒಂದು ಮನೆತನದವರು ಒಟ್ಟಿಗೆ ಕಾಣುತ್ತಾರೆ, ಜೋಡಣೆ ತಪ್ಪಿದರೆ ಹುಡುಕುವವರಿಗೆ ತಕ್ಷಣ ತಿಳಿಯುತ್ತದೆ. ಯುನಿಕೋಡ್ ಸಂಕೇತ ಸಂಖ್ಯೆಯ ಕ್ರಮದಲ್ಲಿ ‘ಳ’ ಅಕ್ಷರವು ‘ವ’ಕ್ಕಿಂತ ಮೊದಲು ಇದೆ, ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ನಂತರದ ಕೊನೆಯ ಅಕ್ಷರ. ಹಾಗಾಗಿ ಬರಿಯ ಸಂಕೇತದ ಕ್ರಮದಲ್ಲಿ ‘ಬಳ್ಳಿ’ ಮೊದಲು, ‘ಬಸವ’ ಆಮೇಲೆ ಬರುತ್ತದೆ. ಇದಕ್ಕಿಂತಲೂ ಆಳವಾದ ತೊಂದರೆಯೊಂದಿದೆ. ಲಿನಕ್ಸಿನಲ್ಲಿ ಜೋಡಣೆಯ ನಿಯಮಗಳನ್ನು ಸಾಮಾನ್ಯವಾಗಿ ಜಿಲಿಬ್‌ಸಿ ಎಂಬ ಮೂಲ ತಂತ್ರಾಂಶ ಭಂಡಾರ (ಲೈಬ್ರರಿ) ಒದಗಿಸುತ್ತದೆ, 2018ರಲ್ಲಿ ಬಂದ ಅದರ 2.28ನೆಯ ಆವೃತ್ತಿಯಲ್ಲಿ ಈ ನಿಯಮಗಳು ದೊಡ್ಡ ಪ್ರಮಾಣದಲ್ಲಿ ಬದಲಾದವು. ಹಳೆಯ ಕ್ರಮದಲ್ಲಿ ಕಟ್ಟಿದ ಸೂಚಿಗಳನ್ನು (ಬೇಗ ಹುಡುಕಲು ಇರುವ ಇಂಡೆಕ್ಸ್‌ಗಳನ್ನು) ಹೊಸ ಕಾರ್ಯಾಚರಣ ವ್ಯವಸ್ಥೆಯ ಮೇಲೆ ಹಾಗೆಯೇ ಬಳಸಿದರೆ, ಕೋಷ್ಟಕದಲ್ಲಿ ಇರುವ ಹೆಸರೇ ಹುಡುಕಿದಾಗ ಸಿಗದೆ ಹೋಗಬಹುದು. ಡಂಪ್ ತೆಗೆದು ಮರಳಿ ತುಂಬಿದರೆ ಸೂಚಿಗಳು ಹೊಸದಾಗಿ ಕಟ್ಟಲ್ಪಡುವುದರಿಂದ ಈ ಅಪಾಯವಿಲ್ಲ. ಡೇಟಾ ಕೋಶವನ್ನೇ ಹೊಸ ಯಂತ್ರಕ್ಕೆ ಎತ್ತಿ ಇಡುವವರು ‘ರೀಇಂಡೆಕ್ಸ್’ ಮಾಡಲೇಬೇಕು.

ಕರೆಂಟ್ ಹಠಾತ್ತಾಗಿ ಹೋದರೆ ಹೊಸದು ಹೇಗೆ ವರ್ತಿಸುತ್ತದೆಂದು ತಿಳಿಯಲು ಯಂತ್ರದ ಪ್ಲಗ್ ಕೀಳಬೇಡಿ, ಅದರೊಂದಿಗೆ ಹಳೆಯ ಸರ್ವರೂ ಬೀಳುತ್ತದೆ. ಹೊಸದನ್ನು ಮಾತ್ರ ‘ಇಮ್ಮೀಡಿಯೇಟ್’ ವಿಧಾನದಲ್ಲಿ ನಿಲ್ಲಿಸಿದರೆ ಅದು ಯಾವ ಸಿದ್ಧತೆಯೂ ಇಲ್ಲದೆ ನಿಂತು, ಮರಳಿ ಪ್ರಾರಂಭಿಸಿದಾಗ ತನ್ನ ದಾಖಲೆಯಿಂದ ಚೇತರಿಸಿಕೊಳ್ಳಬೇಕಾಗುತ್ತದೆ. ಬಿಲ್ಲುಗಳನ್ನು ತುಂಬುತ್ತಿರುವಾಗಲೇ ಹೀಗೆ ಎರಡು ಮೂರು ಬಾರಿ ನಿಲ್ಲಿಸಿ, ಉಳಿಸಿದೆನೆಂದು ಸರ್ವರ್ ಹೇಳಿದ ಪ್ರತಿಯೊಂದು ಬಿಲ್ಲೂ ಇದೆಯೇ ಎಂದು ಎಣಿಸಿ ನೋಡಿ.

ಬದಲಾವಣೆಯ ದಿನ

ಎರಡು ವಾರ ತಪ್ಪಿಲ್ಲದೆ ನಡೆದ ಮೇಲೆ ಒಂದು ಭಾನುವಾರವನ್ನು ಗೊತ್ತುಮಾಡಿ. ಹಳೆಯದರಲ್ಲಿ ಬರೆಯುವುದನ್ನು ಪೂರ್ತಿ ನಿಲ್ಲಿಸಿ, ಕೊನೆಯ ಪ್ರತಿ ತೆಗೆದು, ಪರೀಕ್ಷೆಯ ಡೇಟಾಬೇಸನ್ನು ಅಳಿಸಿದ ಮೇಲೆ ಹೊಸ ಪ್ರತಿಯನ್ನು ತುಂಬಿ, ಮೊತ್ತಗಳನ್ನು ಇನ್ನೊಮ್ಮೆ ತಾಳೆ ನೋಡಿದ ಬಳಿಕವೇ ಪೋರ್ಟುಗಳನ್ನು ಅದಲುಬದಲು ಮಾಡಬೇಕು. ಡೆಬಿಯನ್‌ನ ಪಿಜಿ-ಅಪ್‌ಗ್ರೇಡ್‌ಕ್ಲಸ್ಟರ್ ಸಾಧನ ಈ ಅದಲುಬದಲನ್ನು ತಾನೇ ಮಾಡಿಬಿಡುವುದರಿಂದ ಅದನ್ನು ಪರೀಕ್ಷೆಯ ದಿನಗಳಲ್ಲಿ ಬಳಸಬಾರದು. ಡೇಟಾ ತುಂಬ ದೊಡ್ಡದಾಗಿದ್ದು, ಡಂಪ್ ಇಲ್ಲದೆ ಕಡತಗಳನ್ನೇ ಹೊಸ ಆವೃತ್ತಿಗೆ ಒಯ್ಯುವ ಪಿಜಿ-ಅಪ್‌ಗ್ರೇಡ್ ಸಾಧನ ಬಳಸುವುದಾದರೆ ಮೊದಲು ‘ಚೆಕ್’ ಆಯ್ಕೆಯಿಂದ ತಪಾಸಣೆ ಮಾಡಿ. ‘ಲಿಂಕ್’ ಆಯ್ಕೆಯಲ್ಲಿ ಹಳೆಯದೂ ಹೊಸದೂ ಅದೇ ಕಡತಗಳನ್ನು ಹಂಚಿಕೊಳ್ಳುವುದರಿಂದ, ಹೊಸದನ್ನು ಒಮ್ಮೆ ಪ್ರಾರಂಭಿಸಿದರೆ ಹಳೆಯದಕ್ಕೆ ಸುರಕ್ಷಿತವಾಗಿ ಮರಳಲಾಗದು. ವೇಗಕ್ಕೆ ಆಸೆಪಟ್ಟು ಆ ದಾರಿ ಹಿಡಿಯುವುದನ್ನು ಸಣ್ಣ ಕಚೇರಿಗೆ ನಾನು ಎಂದೂ ಸೂಚಿಸುವುದಿಲ್ಲ. 18ನೆಯ ಆವೃತ್ತಿಗೆ ಹೋಗುವವರು ಇನ್ನೊಂದನ್ನು ಗಮನಿಸಬೇಕು: ಅದರಲ್ಲಿ ಡೇಟಾ ಚೆಕ್‌ಸಮ್ (ಡಿಸ್ಕಿನಲ್ಲಿ ಡೇಟಾ ಕೆಟ್ಟಿದೆಯೇ ಎಂದು ಪತ್ತೆಹಚ್ಚುವ ವ್ಯವಸ್ಥೆ) ಮೊದಲಿನಿಂದಲೇ ಚಾಲನೆಯಲ್ಲಿರುತ್ತದೆ, ಹಳೆಯದರಲ್ಲಿ ಅದಿಲ್ಲದಿದ್ದರೆ ಪಿಜಿ-ಅಪ್‌ಗ್ರೇಡ್ ಮುಂದುವರಿಯುವುದಿಲ್ಲ.

ಹಿಂದಿರುಗುವ ನಿರ್ಧಾರಕ್ಕೆ ಗಡುವೊಂದನ್ನು ಮೊದಲೇ ಬರೆದಿಡಿ. ಸೋಮವಾರ ಬೆಳಿಗ್ಗೆ ಮೊದಲ ಬಿಲ್ ಹೊಸದರಲ್ಲಿ ದಾಖಲಾದ ಕ್ಷಣದಿಂದ ಹಳೆಯದು ಹಿಂದೆ ಬಿದ್ದಿರುತ್ತದೆ; ಮಧ್ಯಾಹ್ನದೊಳಗೆ ಮರಳಿದರೆ ಹತ್ತಿಪ್ಪತ್ತು ಬಿಲ್ಲುಗಳನ್ನು ಕೈಯಿಂದ ಬರೆದುಕೊಳ್ಳಬಹುದು, ವಾರ ಕಳೆದ ಮೇಲೆ ಅದು ಆಗದ ಮಾತು. ಆ ಮೊದಲ ದಿನ ಕಾಗದದ ರಸೀದಿ ಪುಸ್ತಕವೂ ಮೇಜಿನ ಮೇಲಿರಲಿ.

ಹಳೆಯ ಸರ್ವರನ್ನು ನಿಲ್ಲಿಸಿ, ಯಂತ್ರ ಮರುಪ್ರಾರಂಭವಾದಾಗ ತಾನಾಗಿ ಏಳದಂತೆ ಮಾಡಿ, ಡೇಟಾ ಕೋಶವನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಿ. ನಮ್ಮ ಕಚೇರಿಯಲ್ಲಿ ಅದನ್ನು ಅಳಿಸುವುದು ಮುಂದಿನ ಹಂಗಾಮಿನ ಮೊದಲ ಬಟವಾಡೆ ಮುಗಿದು, ಬ್ಯಾಂಕಿನ ಪಟ್ಟಿಯೊಂದಿಗೆ ತಾಳೆಯಾದ ಮೇಲೆ. ಅಂದೂ ಅಳಿಸುವ ಕಮಾಂಡನ್ನು ಒಬ್ಬರು ಬರೆದು, ಆವೃತ್ತಿಯ ಸಂಖ್ಯೆಯನ್ನು ಇನ್ನೊಬ್ಬರು ಗಟ್ಟಿಯಾಗಿ ಓದಿ ಹೇಳಿದ ನಂತರವೇ ಎಂಟರ್ ಒತ್ತುತ್ತೇವೆ.