ಕಾರಣ ತಿಳಿಯದ ಏದುಸಿರು: ರೋಗನಿರ್ಣಯದವರೆಗಿನ ನನ್ನ ಅನುಭವ

ಐವತ್ತು ದಾಟಿದ ಮೇಲೆ ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕುವುದು ವಾಡಿಕೆ. ನನಗೂ ಹಾಗೆಯೇ ಹೇಳಿದರು. ಆದರೆ ನನ್ನ ಏದುಸಿರು ಒಣಕೆಮ್ಮಿನ ಜೊತೆಗೂಡಿ ತಿಂಗಳುಗಟ್ಟಲೆ ಉಳಿಯಿತು. ಕನ್ನಡ ಅಧ್ಯಾಪಕಿಯಾದ ನನಗೆ ತರಗತಿಯಲ್ಲಿ ಒಂದು ಷಟ್ಪದಿಯನ್ನು ನಿಲ್ಲಿಸದೆ ಓದಿ ಮುಗಿಸುವುದೇ ಕಷ್ಟವಾದಾಗ, ಇದಕ್ಕೆ ಬೇರೆ ಕಾರಣವಿರಲೇಬೇಕೆಂದು ಅನಿಸಿತು.

ಮೊದಲ ಸುತ್ತಿನ ಪರೀಕ್ಷೆಗಳಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಇಸಿಜಿ, ಎಕೋ ಎಲ್ಲವೂ ಸರಿಯಾಗಿದ್ದವು. ಉಸಿರಾಟದ ತೊಂದರೆಗೆ ರಕ್ತಹೀನತೆಯೂ ಹೃದಯದ ದೌರ್ಬಲ್ಯವೂ ಸಾಮಾನ್ಯ ಕಾರಣಗಳಾದ್ದರಿಂದ ಅವನ್ನು ಮೊದಲು ನೋಡಿದ ಕ್ರಮ ಸರಿಯೇ. ಎದೆಯ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಕಫದ ಪರೀಕ್ಷೆಯಲ್ಲಿ ಕ್ಷಯವೂ ಇರಲಿಲ್ಲ. ಬಳಿಕ ಒಂದು ಆಸ್ಪತ್ರೆಯಲ್ಲಿ ಆಸ್ತಮಾ ಎಂದು ಇನ್ಹೇಲರ್ ಬರೆದುಕೊಟ್ಟರು. ಅದರಿಂದ ಗುಣ ಕಾಣದಾಗ ಇನ್ನೊಂದು ಕಡೆ ಆತಂಕವೇ ಕಾರಣವಿರಬಹುದೆಂದರು. ಈ ಹಂತದಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ನಿಯಮಿತವಾಗಿ, ಸರಿಯಾದ ವಿಧಾನದಲ್ಲಿ ಇನ್ಹೇಲರ್ ತೆಗೆದುಕೊಂಡರೂ ಉಸಿರು ಸುಧಾರಿಸದಿದ್ದರೆ, ಆ ಸಂಗತಿಯೇ ಮುಂದಿನ ತನಿಖೆಗೆ ದಾರಿಯಾಗಬೇಕಲ್ಲವೇ?

ಆಗ ನಾನು ಒಂದು ನೋಟ್‌ಬುಕ್ ಇಟ್ಟೆ. ಕೋವಿಡ್ ಕಾಲದಲ್ಲಿ ಕೊಂಡಿದ್ದ ಪಲ್ಸ್ ಆಕ್ಸಿಮೀಟರ್ ಮನೆಯಲ್ಲಿತ್ತು. ದಿನಾಂಕ, ಆಗ ಮಾಡುತ್ತಿದ್ದ ಕೆಲಸ, ಕುಳಿತಿರುವಾಗಿನ ಆಮ್ಲಜನಕದ ಪ್ರಮಾಣ, ಮೂರು ಮಹಡಿ ಹತ್ತಿದ ಕೂಡಲೇ ಇರುವ ಪ್ರಮಾಣ, ಕೆಮ್ಮು ಜಾಸ್ತಿಯಾದ ಹೊತ್ತು, ಇವಿಷ್ಟನ್ನೇ ಬರೆಯುತ್ತಾ ಹೋದೆ. ಕುಳಿತಾಗ 97 ಇರುತ್ತಿದ್ದುದು ಮಹಡಿ ಹತ್ತಿದ ಮೇಲೆ 89ಕ್ಕೆ ಇಳಿಯುತ್ತಿತ್ತು. ಆಸ್ಪತ್ರೆಯಲ್ಲಿ ಯಾವಾಗಲೂ ಕುರ್ಚಿಯಲ್ಲಿ ಕೂರಿಸಿಯೇ ಅಳೆಯುತ್ತಿದ್ದುದರಿಂದ ಈ ಇಳಿತ ಯಾವ ವರದಿಯಲ್ಲೂ ದಾಖಲಾಗಿರಲಿಲ್ಲ. ಅದೇ ಪುಸ್ತಕದಲ್ಲಿ ಇನ್ನೊಂದು ವಿಷಯವೂ ಎದ್ದು ಕಂಡಿತು: ಬೇಸಿಗೆ ರಜೆಯಲ್ಲಿ ತೀರ್ಥಹಳ್ಳಿಯ ತವರಿನಲ್ಲಿದ್ದಾಗ ಕೆಮ್ಮು ಹೆಚ್ಚುಕಡಿಮೆ ನಿಂತೇ ಹೋಗಿತ್ತು, ಬೆಂಗಳೂರಿಗೆ ಮರಳಿದ ಕೆಲವೇ ದಿನಗಳಲ್ಲಿ ಮತ್ತೆ ಶುರುವಾಗಿತ್ತು. ನಗರದ ಹೊಗೆಯೇ ಕಾರಣವೆಂದು ಮನೆಯವರು ಅಂದುಕೊಂಡರು.

ಶ್ವಾಸಕೋಶ ತಜ್ಞರೊಬ್ಬರು ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ನಂತರ ಅವರು ಕೇಳಿದ ಪ್ರಶ್ನೆಗಳೆಲ್ಲ ಮನೆಗೆ ಸಂಬಂಧಿಸಿದ್ದವು. ಏರ್ ಕೂಲರ್ ಇದೆಯೇ, ಗೋಡೆಯಲ್ಲಿ ಬೂಷ್ಟು ಹಿಡಿದಿದೆಯೇ, ಗರಿ ತುಂಬಿದ ದಿಂಬು ಬಳಸುತ್ತೀರಾ, ಹಕ್ಕಿ ಸಾಕಿದ್ದೀರಾ ಎಂದು ಒಂದೊಂದಾಗಿ ವಿಚಾರಿಸಿದರು. ಸಾಕಿರಲಿಲ್ಲ. ಆದರೆ ನಮ್ಮ ಅಡುಗೆಮನೆಯ ಪಕ್ಕದ ಯುಟಿಲಿಟಿ ಅಪಾರ್ಟ್‌ಮೆಂಟಿನ ಡಕ್ಟ್‌ಗೆ, ಅಂದರೆ ಗಾಳಿಗೂ ಪೈಪುಗಳಿಗೂ ಬಿಟ್ಟ ಕಿರಿದಾದ ತೆರಪಿಗೆ, ತೆರೆದುಕೊಂಡಿದೆ, ಡಕ್ಟ್ ತುಂಬ ಪಾರಿವಾಳಗಳು. ಎಕ್ಸಾಸ್ಟ್ ಫ್ಯಾನಿನ ಜಾಲರಿಗೆ ಸಣ್ಣ ತುಪ್ಪುಳು ಅಂಟಿಕೊಂಡಿರುತ್ತಿತ್ತು, ವಾಷಿಂಗ್ ಮಷೀನಿನ ಹಿಂದಿನ ಕಟ್ಟೆಯ ಮೇಲೆ ಒಣಗಿದ ಹಿಕ್ಕೆ ಪುಡಿಪುಡಿಯಾಗಿ ಬಿದ್ದಿರುತ್ತಿತ್ತು. ದಿನವೂ ಬೆಳಿಗ್ಗೆ ಅದನ್ನು ಗುಡಿಸುತ್ತಿದ್ದವಳು ನಾನು.

ವೈದ್ಯರು ಬೆನ್ನಿನ ಕೆಳಭಾಗದಲ್ಲಿ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಉಸಿರೆಳೆದುಕೊಂಡಾಗ ವೆಲ್ಕ್ರೊ ಪಟ್ಟಿ ಬಿಡಿಸಿದಂತಹ ಸಣ್ಣ ಚರಚರ ಸದ್ದು ಕೇಳುತ್ತಿದೆ, ಇದು ಆಸ್ತಮಾದ ಸುಯ್ಲು ಅಲ್ಲ ಎಂದರು. ಶ್ವಾಸಕೋಶದ ಕಾರ್ಯವನ್ನು ಅಳೆಯುವ ಪಿಎಫ್‌ಟಿ ಪರೀಕ್ಷೆಯಲ್ಲಿ ಅದು ಇನ್ನಷ್ಟು ಸ್ಪಷ್ಟವಾಯಿತು. ಆಸ್ತಮಾದಲ್ಲಿ ಗಾಳಿ ಹೊರಹೋಗುವ ದಾರಿ ಕಿರಿದಾಗುವುದರಿಂದ, ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪಾಲು ಕಡಿಮೆಯಾಗುತ್ತದೆ. ನನ್ನಲ್ಲಿ ಆ ಪಾಲು ಸರಿಯಾಗಿಯೇ ಇದ್ದು, ಒಟ್ಟು ಗಾಳಿಯ ಪ್ರಮಾಣವೇ ನಿರೀಕ್ಷಿತಕ್ಕಿಂತ ಬಹಳ ಕಡಿಮೆಯಿತ್ತು. ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಸಾಮರ್ಥ್ಯವನ್ನು ಅಳೆಯುವ ಡಿಎಲ್‌ಸಿಒ ಪರೀಕ್ಷೆಯ ಅಂಕಿ ಅದಕ್ಕಿಂತಲೂ ಕೆಳಗಿತ್ತು. ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ ಆಮ್ಲಜನಕ ಇಳಿದದ್ದು ನನ್ನ ನೋಟ್‌ಬುಕ್ಕಿನ ಅಂಕಿಗಳಿಗೆ ಹೊಂದಿಕೆಯಾಯಿತು. ಕೊನೆಗೆ ಶ್ವಾಸಕೋಶದ ಸೂಕ್ಷ್ಮ ವಿವರಗಳನ್ನೂ ತೋರಿಸುವ ಎಚ್‌ಆರ್‌ಸಿಟಿ ಸ್ಕ್ಯಾನ್ ಮಾಡಿಸಿದರು. ಉಸಿರು ಒಳಗೆಳೆದು ಒಮ್ಮೆ, ಪೂರ್ತಿ ಹೊರಬಿಟ್ಟು ಇನ್ನೊಮ್ಮೆ ಚಿತ್ರ ತೆಗೆಯಬೇಕೆಂದು ಅವರು ಚೀಟಿಯಲ್ಲೇ ಬರೆದಿದ್ದರು. ಹೊರಬಿಟ್ಟಾಗ ಕೆಲವು ಭಾಗಗಳಲ್ಲಿ ಗಾಳಿ ಸಿಕ್ಕಿಬೀಳುವುದು ಎರಡನೆಯ ಚಿತ್ರದಲ್ಲಿ ಮಾತ್ರ ಕಾಣುತ್ತದೆ, ನಿರ್ಣಯಕ್ಕೆ ಅದು ಬಹಳ ಮುಖ್ಯ. ಬ್ರಾಂಕೋಸ್ಕೋಪಿಯಲ್ಲಿ ಶ್ವಾಸಕೋಶವನ್ನು ತೊಳೆದು ತೆಗೆದ ದ್ರವದಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕೋಶಗಳು ಹೆಚ್ಚಾಗಿದ್ದವು. ಎಲ್ಲವನ್ನೂ ರೇಡಿಯಾಲಜಿ ತಜ್ಞರ ಜೊತೆ ಕುಳಿತು ಚರ್ಚಿಸಿದ ಬಳಿಕ, ಬಯಾಪ್ಸಿ ಬೇಡವೆಂದು ತೀರ್ಮಾನಿಸಿ ಕಾಯಿಲೆಯ ಹೆಸರು ಹೇಳಿದರು: ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್. ಪಾರಿವಾಳದ ಹಿಕ್ಕೆ, ಗರಿ ಅಥವಾ ಬೂಷ್ಟಿನಂತಹವುಗಳ ಸೂಕ್ಷ್ಮ ಧೂಳಿಗೆ ದೇಹದ ರೋಗನಿರೋಧಕ ವ್ಯವಸ್ಥೆ ಅತಿಯಾಗಿ ಪ್ರತಿಕ್ರಿಯಿಸಿ ಶ್ವಾಸಕೋಶವೇ ಊದಿಕೊಳ್ಳುವ ಕಾಯಿಲೆಯಿದು. ಇದು ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಇದು ಅಪರೂಪದ ಕಾಯಿಲೆಯೆಂದು ನಾನು ಭಾವಿಸಿದ್ದೆ. ಆದರೆ 2017ರಲ್ಲಿ ಪ್ರಕಟವಾದ ಭಾರತದ ಐಎಲ್‌ಡಿ (ಶ್ವಾಸಕೋಶದ ಅಂಗಾಂಶ ಊದಿಕೊಳ್ಳುವ ಅಥವಾ ನಾರುಗಟ್ಟುವ ಕಾಯಿಲೆಗಳ ಗುಂಪು) ರಿಜಿಸ್ಟ್ರಿಯಲ್ಲಿ, 19 ನಗರಗಳ 27 ಕೇಂದ್ರಗಳಿಂದ ದಾಖಲಾದ 1,084 ರೋಗಿಗಳ ಪೈಕಿ ಸುಮಾರು 47 ಶೇಕಡಾ ಜನರಲ್ಲಿ ಕಂಡದ್ದು ಇದೇ ಕಾಯಿಲೆ. ಅವರಲ್ಲಿ ಅನೇಕರು ಏರ್ ಕೂಲರ್ ಬಳಸುತ್ತಿದ್ದವರು. ಹೀಗಿರುವಾಗ ಮನೆಯ ಗಾಳಿಯ ಬಗ್ಗೆ ಕೇಳುವ ಕೆಲವು ಪ್ರಶ್ನೆಗಳು ಮೊದಲ ಭೇಟಿಯಲ್ಲೇ ಬರಬೇಕೆಂದು ನಾನು ಒತ್ತಿ ಹೇಳುತ್ತೇನೆ. ತಡವಾದಷ್ಟೂ ಊತ ಕಲೆಯಾಗಿ ಶ್ವಾಸಕೋಶ ನಾರುಗಟ್ಟುತ್ತದೆ, ನಾರುಗಟ್ಟಿದ ಭಾಗ ಮೊದಲಿನಂತಾಗುವುದಿಲ್ಲ.

ಪರೀಕ್ಷೆಗಳ ಖರ್ಚು ಸಣ್ಣದಲ್ಲ. ಬೆಂಗಳೂರಿನಲ್ಲಿ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ, ಖಾಸಗಿ ಆಸ್ಪತ್ರೆಯ ವೆಚ್ಚ ಭರಿಸಲಾಗದವರು ಅಲ್ಲಿ ವಿಚಾರಿಸಬಹುದು. ಎಲ್ಲಿಗೆ ಹೋದರೂ ಸ್ಕ್ಯಾನಿನ ವರದಿಯ ಜೊತೆ ಚಿತ್ರಗಳಿರುವ ಸಿಡಿಯನ್ನೂ ಕೇಳಿ ಪಡೆಯಬೇಕು, ಏಕೆಂದರೆ ಹೊಸ ವೈದ್ಯರು ಚಿತ್ರಗಳನ್ನು ತಾವೇ ನೋಡಬಯಸುತ್ತಾರೆ.

ಚಿಕಿತ್ಸೆಯ ಮೊದಲ ಹೆಜ್ಜೆ ಧೂಳಿನಿಂದ ದೂರವಾಗುವುದು. ಡಕ್ಟ್ ಶುಚಿಯಾಗುವವರೆಗೆ ನಾನು ತಂಗಿಯ ಮನೆಯಲ್ಲಿದ್ದೆ. ಒಣ ಹಿಕ್ಕೆಯನ್ನು ಗುಡಿಸದೆ, ನೀರು ಚಿಮುಕಿಸಿ ನೆನೆಸಿ, ಎನ್95 ಮಾಸ್ಕ್ ಧರಿಸಿದ ಕೆಲಸಗಾರರಿಂದ ತೆಗೆಸಿ, ಮೇಲಿನಿಂದ ಬಲೆ ಕಟ್ಟಿಸಿದರು. ಊತ ಇಳಿಸುವ ಸ್ಟೀರಾಯ್ಡ್ ಆದ ಪ್ರೆಡ್ನಿಸೊಲೋನ್ ಮಾತ್ರೆಯನ್ನು ವೈದ್ಯರು ಹಂತಹಂತವಾಗಿ ಇಳಿಸುತ್ತಿದ್ದಾರೆ, ಜೊತೆಗೆ ಸಕ್ಕರೆ ಮತ್ತು ರಕ್ತದೊತ್ತಡದ ಮೇಲೆ ಕಣ್ಣಿಟ್ಟಿದ್ದಾರೆ. ಈ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಅಪಾಯಕಾರಿ. ಕೆಮ್ಮು ನಿಂತಿದೆ, ಮಹಡಿ ಹತ್ತಿದರೆ ಆಮ್ಲಜನಕ 93ರ ಆಸುಪಾಸಿನಲ್ಲಿರುತ್ತದೆ, ಡಿಎಲ್‌ಸಿಒ ಮಾತ್ರ ನಿರೀಕ್ಷಿಸಿದಷ್ಟು ಏರಿಲ್ಲ. ತಾರಸಿಯ ಮೇಲೆ ಪಾರಿವಾಳಗಳಿಗೆ ಕಾಳು ಹಾಕುವುದು ಪುಣ್ಯವೆಂದು ನಂಬಿರುವ ನಮ್ಮ ಕಟ್ಟಡದ ಹಿರಿಯರೊಬ್ಬರಿಗೆ ನನ್ನ ಸ್ಕ್ಯಾನ್ ಚಿತ್ರಗಳನ್ನು ತೋರಿಸಿ ವಿವರಿಸಿದೆ. ಅವರು ಕಾಳು ಹಾಕುವುದನ್ನು ಕೆರೆಯ ಬಯಲಿಗೆ ಬದಲಾಯಿಸಲು ಒಪ್ಪಿದ್ದಾರೆ.