ತೋರಿಸಲು ಕೋಟೆಯೇ ಇಲ್ಲದ ಮುತ್ತಿಗೆ

ಮಂಗಳೂರಿಗೆ ಬಂದವರಿಗೆ ಊರಿನ ಇತಿಹಾಸ ಹೇಳುವುದು ನನ್ನ ವಾರಾಂತ್ಯದ ಕಸುಬು. ಅದರಲ್ಲಿ ಕಷ್ಟದ ಪಾಠವೆಂದರೆ 1783ರಲ್ಲಿ ಟಿಪ್ಪು ಸುಲ್ತಾನ್ ಹಾಕಿದ ಮುತ್ತಿಗೆ. ಈಸ್ಟ್ ಇಂಡಿಯಾ ಕಂಪನಿಯ ಪಡೆ ಸಿಕ್ಕಿಬಿದ್ದಿದ್ದ ಕೋಟೆಯನ್ನು ಟಿಪ್ಪು ಆಮೇಲೆ ಕೆಡವಿಸಿಬಿಟ್ಟ. ಎಲ್ಲರೂ ನೋಡಬಯಸುವ ಕಾವಲುಗೋಪುರ ಸುಲ್ತಾನ್ ಬತ್ತೇರಿ ಆ ಮುತ್ತಿಗೆಯದಲ್ಲ, ನಂತರದ್ದು. ಆದರೂ ಗುಂಪನ್ನು ಬೋಳೂರಿನ ಬತ್ತೇರಿಗೇ ಕರೆದೊಯ್ಯುತ್ತೇನೆ. ಮೇಲೆ ಹತ್ತಿದರೆ ಫಲ್ಗುಣಿ ಹೊಳೆ, ಆಚೆ ದಡದಲ್ಲಿ ತಣ್ಣೀರುಬಾವಿ, ಅದರಾಚೆ ಕಡಲು. ಮುತ್ತಿಗೆ ಅರ್ಥವಾಗಬೇಕಾದರೆ ಕಡಲನ್ನು ನೋಡಬೇಕು.

ಫಿರಂಗಿಗಳ ಲೆಕ್ಕ ನಾನು ಒಪ್ಪಿಸುವುದಿಲ್ಲ. "ಈಗ ಮೇ ತಿಂಗಳು. ಬೆನ್ನಿಗೆ ಟಿಪ್ಪು, ಎದುರಿಗೆ ಸಮುದ್ರ. ಅಕ್ಕಿ ಎಲ್ಲಿಂದ ತರಿಸುತ್ತೀರಿ?" ಎಂದು ಕೇಳಿ ಸುಮ್ಮನಾಗುತ್ತೇನೆ. ಘಟ್ಟದ ಮೇಲಿನವರು ಥಟ್ಟನೆ "ಹಡಗಿನಲ್ಲಿ" ಎನ್ನುತ್ತಾರೆ. ಮೀನುಗಾರರ ಮನೆಯವರಿದ್ದರೆ ನಗುತ್ತಾರೆ. ಜೂನ್‌ನ ಮಳೆಗಾಲದಲ್ಲಿ, ಹೊಳೆ ಕಡಲು ಸೇರುವ ಅಳಿವೆ ಬಾಗಿಲು ಹೇಗಿರುತ್ತದೆಂದು ಅವರಿಗೆ ಗೊತ್ತು. ಎಂಜಿನ್ ದೋಣಿಗಳೇ ದಡ ಸೇರುವ ಕಾಲದಲ್ಲಿ ಹಾಯಿ ಹಡಗಿನ ಪಾಡೇನು!

ಜುಲೈನಲ್ಲಿ ಬ್ರಿಟನ್–ಫ್ರಾನ್ಸ್ ಶಾಂತಿಯ ಸುದ್ದಿ ಬಂದು, ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಹಿಂದೆ ಸರಿದರು. ಆಗಸ್ಟ್ 2ಕ್ಕೆ ಕದನವಿರಾಮ. ಕಥೆ ಮುಗಿಯಿತೆಂದು ಕೇಳುಗರು ನೀರಿನ ಬಾಟಲಿ ತೆಗೆಯುತ್ತಾರೆ. ನನಗೆ ಕಥೆ ಶುರುವಾಗುವುದೇ ಅಲ್ಲಿಂದ. ಕೋಟೆಯವರು ಹೊರಗಿನ ಸಂತೆಯಲ್ಲಿ ದಿನಸಿ ಕೊಳ್ಳಬಹುದೆಂದು ಒಪ್ಪಂದವಾಗಿತ್ತು, ಆದರೆ ಸಂತೆಯ ಜುಟ್ಟು ಟಿಪ್ಪುವಿನ ಕೈಯಲ್ಲಿ. ಬೆಲೆ ಏರಿತು, ಸರಕು ಕರಗಿತು ಎಂದು ಇಂಗ್ಲಿಷರ ಬರಹಗಳು ದೂರುತ್ತವೆ. (ಟಿಪ್ಪುವಿನ ಕಡೆಯ ದೂರುಗಳೂ ಕಡಿಮೆಯೇನಿರಲಿಕ್ಕಿಲ್ಲ.) ಒಳಗೆ ಸ್ಕರ್ವಿ ಹಬ್ಬಿತು. ಒಸಡು ಊದಿ, ಹಲ್ಲು ಅಲುಗಿ, ಕೈಕಾಲಿನ ಶಕ್ತಿ ಉಡುಗಿಸುವ ರೋಗ ಅದು. ಒಂದು ಹಿಡಿ ನಿಂಬೆ, ನೆಲ್ಲಿಕಾಯಿಯಿಂದ ತಡೆಯಬಹುದಾದದ್ದು, ಅದೂ ನಮ್ಮ ಕರಾವಳಿಯಲ್ಲಿ! ನವೆಂಬರ್‌ನಲ್ಲಿ ಕಡಲು ತಣಿದ ಮೇಲೆ ಇಂಗ್ಲಿಷರ ಜನರಲ್ ಮೆಕ್ಲಿಯೋಡ್‌ನ ಹಡಗುಗಳು ಕಣ್ಣೆದುರೇ ಬಂದು ನಿಂತವು. ಕದನವಿರಾಮದ ಕಟ್ಟು ಮೀರಲಾಗದೆ, ಮುತ್ತಿಗೆ ಬಿಡಿಸದೆಯೇ ತಿರುಗಿದವು.

1784ರ ಜನವರಿ 30ರಂದು ಕೋಟೆಯೊಳಗಿನ ಪಡೆಯ ಮುಖ್ಯಸ್ಥ ಕರ್ನಲ್ ಕ್ಯಾಂಪ್‌ಬೆಲ್ ಕೋಟೆ ಒಪ್ಪಿಸಿದ. ಅಳಿದುಳಿದವರು ಆಯುಧಸಮೇತ ತಲಶ್ಶೇರಿಗೆ ಹೊರಟರು. ಮಾರ್ಚ್ 11ಕ್ಕೆ ಟಿಪ್ಪು ಮತ್ತು ಕಂಪನಿಯ ನಡುವೆ ಮಂಗಳೂರು ಒಪ್ಪಂದ.

ಗೆದ್ದವರು ಯಾರು ಎಂದು ಕೇಳಿಯೇ ಕೇಳುತ್ತಾರೆ. ಕೋಟೆ ಟಿಪ್ಪುವಿಗೆ ಸಿಕ್ಕಿತು, ನಿಜ. ಆದರೆ ತಿಂಗಳುಗಟ್ಟಲೆ ಅವನ ದೊಡ್ಡ ಪಡೆ ಇಲ್ಲಿ ಕಟ್ಟುಬಿದ್ದಿದ್ದಾಗ ಕಂಪನಿಯ ಕರ್ನಲ್ ಫುಲ್ಲರ್ಟನ್ ಪಾಲಕ್ಕಾಡು, ಕೊಯಮತ್ತೂರುಗಳನ್ನು ಹಿಡಿದುಕೊಂಡ. ಈ ಮುತ್ತಿಗೆ ಟಿಪ್ಪುವಿಗೆ ದುಬಾರಿಯಾಯಿತೆಂದೇ ನನ್ನ ಲೆಕ್ಕ. ಬತ್ತೇರಿಯ ಮೆಟ್ಟಿಲ ಮೇಲೆ ಇದಕ್ಕಾಗಿ ನನ್ನೊಡನೆ ಜಗಳಕ್ಕಿಳಿದವರೂ ಇದ್ದಾರೆ.